ಹಳೆಯ ಲೇತ್, ಕೈಹಿಡಿಕೆ, ಆರು ವರ್ಷದ ಬಳಕೆ

ಲೋಹದ ಸರಳನ್ನು ತಿರುಗಿಸುತ್ತ ಕತ್ತರಿಸುವ ಈ ಲೇತ್ ನನ್ನ ಮನೆಯ ಶೆಡ್ಡಿಗೆ ಬಂದು ಆರು ವರ್ಷವಾಯಿತು. 1950ರ ದಶಕದ ಇಂಗ್ಲಿಷ್ ಯಂತ್ರ. ಹೊಸದನ್ನು ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ, ತುಕ್ಕು ಹಿಡಿದದ್ದನ್ನೇ ತಂದೆ. ಸಣ್ಣ ಬಿಡಿಭಾಗಗಳನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಅವಕ್ಕೂ ಧನ ತುದಿಯನ್ನು ಗುಜರಿ ಕಬ್ಬಿಣಕ್ಕೂ ಕೊಟ್ಟರೆ ತುಕ್ಕು ಕಪ್ಪು ಪುಡಿಯಾಗಿ ಬಿಡುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡ, ಅದರ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಈ ಕೆಲಸವನ್ನು ಗಾಳಿಯಾಡುವ ಜಾಗದಲ್ಲೇ ಮಾಡಿ.

ನನ್ನ ತಕರಾರು ತುಕ್ಕಿನದಲ್ಲ, ಸರಳನ್ನು ಕಚ್ಚಿ ಹಿಡಿಯುವ ಚಕ್ ಕೂರುವ ರೀತಿಯದು. ಈ ಲೇತಿನ ಸ್ಪಿಂಡಲಿನ, ಅಂದರೆ ಮೋಟಾರು ತಿರುಗಿಸುವ ಅಚ್ಚಿನ, ಮೂತಿಯಲ್ಲಿ ಥ್ರೆಡ್, ಅಂದರೆ ಸ್ಕ್ರೂವಿನಂಥ ಸುರುಳಿ ಗೀರು ಇದೆ, ಚಕ್ಕನ್ನು ಅದಕ್ಕೆ ತಿರುಗಿಸಿ ಕೂರಿಸಬೇಕು. ನೇರವಾಗಿ ತಿರುಗುವಾಗ ಕೆಲಸದ ಒತ್ತಡವೇ ಅದನ್ನು ಬಿಗಿ ಮಾಡುತ್ತದೆ. ಹಿಮ್ಮುಖವಾಗಿ ತಿರುಗಿಸಿದರೆ ಅದೇ ಚಕ್ ಬಿಚ್ಚಿಕೊಳ್ಳುತ್ತದೆ. ಮಿಲಿಮೀಟರ್ ಥ್ರೆಡ್ ಕತ್ತರಿಸಲು ಹಿಮ್ಮುಖ ಬೇಕೇ ಬೇಕು. ಟೂಲನ್ನು, ಅಂದರೆ ಕತ್ತರಿಸುವ ಉಳಿಯನ್ನು, ಸರಳಿನುದ್ದಕ್ಕೂ ಸರಿಸುವ ಲೀಡ್ ಸ್ಕ್ರೂ ಇಂಚಿಗೆ ಎಂಟು ಥ್ರೆಡ್ಡಿನದು, ಅಂದರೆ ಒಂದು ಗೀರಿನಿಂದ ಮುಂದಿನದಕ್ಕೆ ಇರುವ ದೂರ, ಪಿಚ್, 3.175 ಮಿ.ಮೀ. 1.5 ಮಿ.ಮೀ. ಪಿಚ್ ಪಡೆಯಲು ಸ್ಪಿಂಡಲನ್ನು ಲೀಡ್ ಸ್ಕ್ರೂವಿಗೆ ಜೋಡಿಸುವ ಗಿಯರುಗಳ ಅನುಪಾತ 60ಕ್ಕೆ 127 ಆಗಬೇಕು. ಇಂಚು ಎಂದರೆ ನಿಖರವಾಗಿ 25.4 ಮಿ.ಮೀ.; ಅದರ ಐದು ಪಟ್ಟು 127. 127 ಹಲ್ಲಿನ ದೊಡ್ಡ ಗಿಯರ್ ಬಂದದ್ದು ಅಲ್ಲಿಂದ. ಹೀಗೆ ಕತ್ತರಿಸುವಾಗ ಟೂಲಿನ ಗಾಡಿಯನ್ನು ಲೀಡ್ ಸ್ಕ್ರೂವಿಗೆ ಕಚ್ಚಿಸುವ ಹಾಫ್ ನಟ್ಟನ್ನು ನಡುವೆ ಬಿಚ್ಚುವಂತಿಲ್ಲ. ಬಿಚ್ಚಿದರೆ ಟೂಲ್ ಮತ್ತೆ ಅದೇ ಗೀರಿಗೆ ಬಂದು ಕೂರುವ ಭರವಸೆಯಿಲ್ಲ. ಪ್ರತಿ ಸಲವೂ ಟೂಲನ್ನು ಹೊರಗೆಳೆದು ಸ್ಪಿಂಡಲನ್ನು ಹಿಂದಕ್ಕೆ ತಿರುಗಿಸಿಯೇ ಮೊದಲ ಜಾಗಕ್ಕೆ ಮರಳಬೇಕು.

ಮೊದಲ ವರ್ಷ ಇದನ್ನು ಮೋಟಾರಿನಲ್ಲಿ ಮಾಡಹೋದೆ. ಹಿಮ್ಮುಖದ ಸ್ವಿಚ್ ಒತ್ತಿದೊಡನೆ ಚಕ್ ಸಡಿಲಗೊಂಡು ಕೆಳಗಿನ ಬೆಡ್ಡಿನ, ಅಂದರೆ ಟೂಲಿನ ಗಾಡಿ ಸರಿಯುವ ಹಳಿಯ, ಮೇಲೆ ಬಿತ್ತು. ವಾರಗಟ್ಟಲೆ ಕೂತು ಉಜ್ಜಿ ಸಮ ಮಾಡಿದ ಬೀಡು ಕಬ್ಬಿಣದ ಮೇಲೆ ಆದ ಆ ಗಾಯ ಇಂದಿಗೂ ಬೆರಳಿಗೆ ಸಿಗುತ್ತದೆ. ಯಂತ್ರವನ್ನು ಮಾರಿಬಿಡೋಣ ಎನ್ನುವಷ್ಟು ಸಿಟ್ಟು ಬಂದಿತ್ತು.

ಮಾರಲಿಲ್ಲ, ಒಂದು ಕೈಹಿಡಿಕೆ ಮಾಡಿಕೊಂಡೆ. ಸ್ಪಿಂಡಲಿನ ಎಡತುದಿಯ ರಂಧ್ರಕ್ಕೆ ಸರಿಯಾಗಿ ಕೂರುವ ಉಕ್ಕಿನ ಸರಳು. ಅದರ ತುದಿಯನ್ನು ಗರಗಸದಿಂದ ನಾಲ್ಕಾಗಿ ಸೀಳಿದ್ದೇನೆ. ನಡುವೆ ಹಾದ ಬೋಲ್ಟು ಒಂದು ಶಂಕುವನ್ನು ಒಳಗೆಳೆದಾಗ ಸೀಳುಗಳು ಅಗಲಿ ರಂಧ್ರವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಹೊರಗೆ ಚಪ್ಪಟೆ ಪಟ್ಟಿಯ ತೋಳು, ಅದಕ್ಕೆ ಮರದ ಹಿಡಿ. ಕೈಯ ನಿಧಾನದಲ್ಲಿ, ಟೂಲ್ ಹೊರಗಿರುವಾಗ ಹಿಂದಕ್ಕೆ ತಿರುಗಿಸಿದರೆ ಚಕ್ ಜಗ್ಗುವುದಿಲ್ಲ. ಆರು ವರ್ಷದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಈ ಒಂದು ವಸ್ತು.

ಈಗ ಥ್ರೆಡ್ ಕತ್ತರಿಸುವ ದಿನಕ್ಕೆ ಒಂದು ಕ್ರಮವಿದೆ. ಕತ್ತರಿಸುವುದೂ ಹಿಂದಕ್ಕೆ ಮರಳುವುದೂ ಕೈಯಿಂದಲೇ. ಮೋಟಾರಿನ ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳುತ್ತೇನೆ. ಹಿಡಿಕೆ ಕೂತಿರುವಾಗ ಮೋಟಾರು ಹೊರಟರೆ ಅದು ಮುಂಗೈ ಮುರಿಯುತ್ತದೆ. ಬಿಳಿಲೋಹದ ಬೇರಿಂಗುಗಳ ಎಣ್ಣೆಬಟ್ಟಲು ತುಂಬಿಸಿ, ಸ್ಪಿಂಡಲನ್ನು ಕೈಯಲ್ಲೇ ಹತ್ತು ಸುತ್ತು ತಿರುಗಿಸುತ್ತೇನೆ. ಮೊದಲೆರಡು ಸುತ್ತು ಬಿಗಿ. ಆಮೇಲೆ ಎಣ್ಣೆ ಹರಡಿದ್ದು ತೋಳಿಗೆ ತಿಳಿಯುತ್ತದೆ. ಎಂ10ರ, ಅಂದರೆ 10 ಮಿ.ಮೀ. ದಪ್ಪದ ಬೋಲ್ಟಿನ, 1.5 ಪಿಚ್ಚಿಗೆ ಗೀರಿನ ಆಳ ಸುಮಾರು 0.92 ಮಿ.ಮೀ. ಮೊದಲು 0.1ರಂತೆ, ಕೊನೆಗೆ 0.05ರಂತೆ ಇಳಿಯುತ್ತೇನೆ. ಹಿಂದಕ್ಕೆ ಬರುವಾಗ ಆರಂಭದ ಗೆರೆಯನ್ನು ತುಸು ದಾಟಿಸಿಯೇ ನಿಲ್ಲಿಸಬೇಕು, ಇಲ್ಲವಾದರೆ ಲೀಡ್ ಸ್ಕ್ರೂವಿನ ಸಡಿಲ ಆಟ ಮುಂದಿನ ಗೀರಿನೊಳಗೆ ಸೇರುತ್ತದೆ.

ಟೂಲ್ ಮೊಂಡಾದರೆ ಕಣ್ಣಿಗೆ ಕಾಣುವ ಮೊದಲೇ ಅಂಗೈಗೆ ಗೊತ್ತಾಗುತ್ತದೆ. ಹಿಡಿ ಒಮ್ಮೆ ತಡೆದು ಒಮ್ಮೆ ಜಾರುತ್ತದೆ. ಸಣ್ಣ ಭಾಗ ಮುಗಿದು ಒಮ್ಮೆಲೇ ದಪ್ಪವಾಗುವ, ಮೆಟ್ಟಿಲಿರುವ ಸರಳಿನಲ್ಲಿ ಥ್ರೆಡ್ ಮೆಟ್ಟಿಲಿನ ಬುಡಕ್ಕೇ ಹೋಗಬೇಕಾದಾಗ ಮೋಟಾರಿನಲ್ಲಿ ಎದೆ ಡವಡವ ಎನ್ನುತ್ತಿತ್ತು. ಈಗ ಕೊನೆಯ ಕಾಲು ಸುತ್ತನ್ನು ಉಸಿರು ಬಿಗಿಹಿಡಿದು ತಿರುಗಿಸಿ, ಮೆಟ್ಟಿಲಿನ ಗೋಡೆಗೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸುತ್ತೇನೆ.

ಉಳಿದ ಕೊರತೆಗಳು ಇದ್ದಲ್ಲೇ ಇವೆ. ಚಕ್ಕಿನ ಪಕ್ಕದಲ್ಲಿ ಬೆಡ್ ಸವೆದಿದೆ. ಉದ್ದದ ಸರಳು ಒಂದು ತುದಿಯಲ್ಲಿ ದಪ್ಪವಾಗುತ್ತದೆ, ಅದನ್ನು ಅರದಿಂದ ತಿದ್ದುತ್ತೇನೆ. ದಿನಕ್ಕೆ ಐವತ್ತು ಬಿಡಿಭಾಗ ಇಳಿಸಬೇಕಾದವರಿಗೆ ಈ ಯಂತ್ರವನ್ನು ಹೇಳಲಾರೆ. ನನ್ನ ಹಾಗೆ ವಾರಕ್ಕೆ ಎರಡು ಸಂಜೆ ಸಿಗುವವರು ಧೈರ್ಯವಾಗಿ ತನ್ನಿ. ತಂದ ಮೊದಲ ತಿಂಗಳಲ್ಲೇ, ಹಿಮ್ಮುಖದ ಸ್ವಿಚ್ಚಿಗೆ ತಂತಿ ಎಳೆಯುವ ಮೊದಲೇ, ಹಿಡಿಕೆ ಮಾಡಿಕೊಳ್ಳಿ.