ಬಗ್ಗಡ ನೀರಿಗೆ ಯಾವ ಲೈಟು? ಮೂರನ್ನೂ ಮುಳುಗಿಸಿ ನೋಡಿದ್ದಾಯ್ತು

ಡೈವ್‌ಗೆಂದು ಕೊಂಡ 3000 ಲುಮೆನ್‌ನ (ಲುಮೆನ್ ಅಂದರೆ ಒಟ್ಟು ಬೆಳಕಿನ ಅಳತೆ) ಹೊಸ ಲೈಟನ್ನು ನೀರೊಳಗೆ ಹೊತ್ತಿಸಿದಾಗ ನನಗೆ ಕಂಡದ್ದು ಒಂದು ಬಿಳಿ ಗೋಡೆ. ನೀರು 6 ಡಿಗ್ರಿ ಇತ್ತು, ಕೈ ಚಾಚಿದರೆ ಬೆರಳ ತುದಿ ಮಸುಕಾಗುವಷ್ಟು ಬಗ್ಗಡ. ಲೈಟ್ ಆರಿಸಿದೆ. ಆಗ ಜೊತೆಗಾರನ ಕಾಲಿನ ಫಿನ್ ಕಂಡಿತು! ದುಡ್ಡು ಕೊಟ್ಟು ಕುರುಡು ತಂದುಕೊಂಡ ಹಾಗಾಯಿತು.

ಆಮೇಲೆ ಒಂದಿಡೀ ಚಳಿಗಾಲ ಮೂರು ಥರದ ಲೈಟನ್ನು ಅದೇ ನೀರಲ್ಲಿ ಅದಲು ಬದಲು ಮಾಡಿ ನೋಡಿದೆ. ಒಂದು ಇದೇ ಅಗಲ ಬೀಮಿನದು, ವಿಡಿಯೊ ಮಾಡುವವರು ಇಟ್ಟುಕೊಳ್ಳುವ ಥರ, 100 ಡಿಗ್ರಿ ಹರಡುವಂಥದ್ದು. ಇನ್ನೊಂದು 21700 ಅಳತೆಯ ಒಂದೇ ಲಿಥಿಯಂ ಸೆಲ್ ಹಾಕುವ ಸಣ್ಣ ಟಾರ್ಚ್, 1000 ಲುಮೆನ್, ಬೀಮ್ ಬರೀ 8 ಡಿಗ್ರಿ. ಮೂರನೆಯದು ಕ್ಯಾನಿಸ್ಟರ್. ಬ್ಯಾಟರಿ ಡಬ್ಬ ಸೊಂಟದಲ್ಲಿ, ಅಲ್ಲಿಂದ ಕೇಬಲ್, ಕೈ ಮೇಲೆ ಗುಡ್‌ಮನ್ ಹ್ಯಾಂಡಲ್‌ನಲ್ಲಿ (ಕೈಯ ಹಿಂಬದಿಗೆ ಲೈಟ್ ಕೂರಿಸುವ ಹಿಡಿ) ಲೈಟಿನ ತಲೆ. ಅದರ ಬೀಮ್ 6 ಡಿಗ್ರಿ.

ಬಿಳಿ ಗೋಡೆಗೆ ಕಾರಣ ಸರಳ. ನೀರಲ್ಲಿ ತೇಲುವ ಒಂದೊಂದು ಕಣವೂ ಬೆಳಕನ್ನು ನಿಮ್ಮ ಕಣ್ಣಿಗೇ ವಾಪಸ್ ಎಸೆಯುತ್ತದೆ. ಅಗಲ ಬೀಮ್ ಕಣ್ಣೆದುರಿನ ಅಷ್ಟೂ ಕಣಗಳನ್ನು ಬೆಳಗಿಸುತ್ತದೆ, ಸಣ್ಣ ಬೀಮ್ ಒಂದು ಕೋಲಿನಷ್ಟು ಜಾಗದ ಕಣಗಳನ್ನು ಮಾತ್ರ. ಚಪ್ಪಟೆ ಗಾಜಿನ ಲೈಟ್ ನೀರೊಳಗೆ ಸ್ವಲ್ಪ ಕಿರಿದಾಗುತ್ತದೆ, ಗಾಳಿಯ 100 ಡಿಗ್ರಿ ಅಲ್ಲಿ ಸುಮಾರು 70 ಆಗುತ್ತದೆ, ಆದರೂ ಅದು ಜಾಸ್ತಿಯೇ. ಮೇಲಾಗಿ 1000 ಲುಮೆನ್ ಅನ್ನು 8 ಡಿಗ್ರಿಯೊಳಗೆ ತುರುಕಿದರೆ ನಡುವಿನ ಚುಕ್ಕೆ, 3000 ಲುಮೆನ್ ಅನ್ನು 100 ಡಿಗ್ರಿಗೆ ಚೆಲ್ಲಿದ್ದಕ್ಕಿಂತ ಹತ್ತಾರು ಪಟ್ಟು ಪ್ರಖರ. ಡಬ್ಬದ ಮೇಲೆ ಲುಮೆನ್ ಮಾತ್ರ ದೊಡ್ಡ ಅಕ್ಷರದಲ್ಲಿರುತ್ತದೆ, ಡಿಗ್ರಿ ಹುಡುಕಬೇಕು.

ಹಿಡಿಯುವ ಜಾಗವೂ ಮುಖ್ಯ. ಲೈಟ್ ಕಣ್ಣಿನ ಹತ್ತಿರ ಇದ್ದಷ್ಟೂ ಬೆಳಕು ನೇರ ಕಣ್ಣಿಗೆ ತಿರುಗಿ ಬರುತ್ತದೆ. ತಲೆಗೆ ಕಟ್ಟುವ ಲೈಟ್ ಈ ನೀರಿಗೆ ಬೇಡವೇ ಬೇಡ. ಕೈಯನ್ನು ಪಕ್ಕಕ್ಕೆ ಚಾಚಿ ಓರೆಯಾಗಿ ಬೆಳಕು ಬಿಟ್ಟಾಗ ಸ್ಲೇಟಿನ ಮೇಲೆ ಬರೆದದ್ದು ಟಾರ್ಚಲ್ಲೂ ಕ್ಯಾನಿಸ್ಟರಲ್ಲೂ ಓದಲಿಕ್ಕೆ ಬಂತು. ಅಗಲದ್ದರಲ್ಲಿ ಸ್ಲೇಟನ್ನು ಮಾಸ್ಕಿಗೆ ಹೆಚ್ಚುಕಡಿಮೆ ತಾಗಿಸಬೇಕಾಯಿತು.

ಇನ್ನು ಜೊತೆಗಾರನಿಗೆ ಸನ್ನೆ ಮಾಡುವುದು. ಎಲ್ಲ ಸರಿ ಇದೆ ಅನ್ನಲು ಬೆಳಕಲ್ಲಿ ಒಂದು ಸುತ್ತು ಬರೆಯುತ್ತೇವೆ, ಅಪಾಯ ಅಂದರೆ ಅಕ್ಕಪಕ್ಕಕ್ಕೆ ಸರಸರನೆ ಆಡಿಸುತ್ತೇವೆ. ಸಣ್ಣ ಬೀಮಿದ್ದರೆ ಮುಂದಿರುವವನ ಕಣ್ಣೆದುರೇ ಆ ಚುಕ್ಕೆ ಸುತ್ತುತ್ತದೆ, ತಿರುಗಿ ನೋಡುವ ಕೆಲಸವಿಲ್ಲ. ಅಗಲದ್ದರಲ್ಲಿ ಎಷ್ಟು ಸುತ್ತಿದರೂ ನೀರು ಸುಮ್ನೆ ಬೆಳ್ಳಗಿರುತ್ತದೆ. ಅದರ ಬಟನ್ ಬೇರೆ ಸಣ್ಣದು. ನೀರು ಒಳಬಿಡದ ಡ್ರೈ ಗ್ಲೌಸಿನೊಳಗೆ ಉಣ್ಣೆಯ ಗ್ಲೌಸ್ ಹಾಕಿದ ಬೆರಳಿಗೆ ಬಟನ್ ಒತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಒಮ್ಮೆ ಬೆಳಕು ಕಡಿಮೆ ಮಾಡಲು ಹೋಗಿ ಮಿನುಗುವ ಮೋಡ್‌ಗೆ ಹಾಕಿಬಿಟ್ಟೆ. ಜೊತೆಗಾರ ಗಾಬರಿಯಾಗಿ, ನನಗೆ ಉಸಿರಿಗೆ ಕೊಡಲು ತನ್ನ ರೆಗ್ಯುಲೇಟರ್ (ಗಾಳಿ ಸೇದುವ ಬಾಯಿತುಂಡು) ಕೈಯಲ್ಲಿ ಹಿಡಿದೇ ನನ್ನತ್ತ ಬಂದ. ಮೇಲೆ ಬಂದಮೇಲೆ ಬೈಸಿಕೊಂಡದ್ದು ಬೇರೆ ವಿಷಯ. ಟಾರ್ಚಿಗೆ ಹೆಬ್ಬೆರಳಲ್ಲಿ ದೂಡುವ ಮ್ಯಾಗ್ನೆಟ್ ಸ್ವಿಚ್ ಇದೆ, ಮರಗಟ್ಟಿದ ಕೈಗೂ ಸಿಗುತ್ತದೆ. ತಲೆ ತಿರುಚಿ ಹೊತ್ತಿಸುವ ಲೈಟ್ ಮಾತ್ರ ಮುಖ್ಯ ಲೈಟಾಗಿ ನನಗೆ ಬೇಡ. ಎರಡೂ ಕೈ ಬೇಕು, ತಿರುಗಿಸುತ್ತಾ ಹೋಗಿ ಜಾಸ್ತಿ ಸಡಿಲಿಸಿದರೆ ನೀರು ಒಳಗೆ.

ಚಳಿ ಬ್ಯಾಟರಿಯನ್ನು ತಿನ್ನುತ್ತದೆ ಅನ್ನುವುದು ಓದಿ ಗೊತ್ತಿತ್ತು, ನೋಡಿದ್ದು ಟಾರ್ಚಿನಲ್ಲಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆದುಕೊಳ್ಳುತ್ತದೆ. ಸೆಲ್ ತಣ್ಣಗಾದರೆ ಅದರ ಒಳಗಿನ ತಡೆ ಹೆಚ್ಚುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಅರ್ಧ ಗಂಟೆಗೇ ಚಾರ್ಜ್ ತೋರಿಸುವ ಹಸಿರು ದೀಪ ಕೆಂಪಾಯಿತು, ಬೆಳಕು ತಾನಾಗಿಯೇ ಇಳಿಯಿತು. ದಡಕ್ಕೆ ಬಂದು ಜೇಬಲ್ಲಿಟ್ಟು ಬಿಸಿ ಟೀ ಕುಡಿದು ನೋಡಿದರೆ ಮತ್ತೆ ಹಸಿರು! ಚಾರ್ಜ್ ಖಾಲಿಯಾಗಿರಲಿಲ್ಲ, ಚಳಿಗೆ ಸೆಲ್ ಮುದುಡಿತ್ತು ಅಷ್ಟೇ. ಕ್ಯಾನಿಸ್ಟರಿನಲ್ಲಿ ಹಲವು ಸೆಲ್ ಸೇರಿ ಹೊರೆ ಹಂಚಿಕೊಳ್ಳುವುದರಿಂದ ಈ ಕುಸಿತ ಕಡಿಮೆ. ಒಂದು ಗಂಟೆ ದಾಟಿದರೂ ಅದರ ಬೆಳಕು ಕದಲಲಿಲ್ಲ.

ಹಾಗಂತ ಕ್ಯಾನಿಸ್ಟರ್ ಪುಕ್ಕಟೆ ಸುಖ ಅಲ್ಲ. ಕೇಬಲ್ ಸಿಕ್ಕಿಕೊಳ್ಳುತ್ತದೆ, ಸೊಂಟ ಒಂದು ಕಡೆಗೆ ವಾಲುತ್ತದೆ, ನೀರು ನುಗ್ಗಬಹುದಾದ ಜಾಗಗಳೂ ಜಾಸ್ತಿ. ಹಿಂದಿನ ಎಚ್‌ಐಡಿ (ಅನಿಲದೊಳಗೆ ವಿದ್ಯುತ್ ಹಾಯಿಸಿ ಬೆಳಗುವ) ಬಲ್ಬಿನ ಕಾಲಕ್ಕಿಂತ ಪರವಾಗಿಲ್ಲ ಬಿಡಿ, ಆಗ ಒಮ್ಮೆ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹೊತ್ತುತ್ತಿರಲಿಲ್ಲ. ವಿಮಾನದಲ್ಲಿ ಒಯ್ಯುವವರು ಬ್ಯಾಟರಿ 100 ವ್ಯಾಟ್-ಅವರ್ ಒಳಗಿದೆಯಾ ನೋಡಿಕೊಳ್ಳಿ.

ಈಗ ನನ್ನ ಲೆಕ್ಕ ಹೀಗಿದೆ. ನಲವತ್ತು ನಿಮಿಷದೊಳಗಿನ ಡೈವ್‌ಗೆ ಟಾರ್ಚನ್ನು ಬಟ್ಟೆಯ ಗುಡ್‌ಮನ್ ಪಟ್ಟಿಗೆ ಸಿಕ್ಕಿಸುತ್ತೇನೆ, ಬೆರಳು ಖಾಲಿ ಇರುತ್ತವೆ, ಡ್ರೈಸೂಟಿಗೆ ಗಾಳಿ ತುಂಬಲು, ಹಗ್ಗದ ರೀಲ್ ಹಿಡಿಯಲು. ನೀರಿಗಿಳಿಯುವ ತನಕ ಸೆಲ್ ಕೋಟಿನ ಒಳಜೇಬಲ್ಲಿ ಬೆಚ್ಚಗಿರುತ್ತದೆ. ಅದಕ್ಕಿಂತ ಹೊತ್ತಿನ ಡೈವ್ ಆದರೆ ಕ್ಯಾನಿಸ್ಟರ್. ಯಾವುದನ್ನು ಒಯ್ದರೂ ಎರಡು ಬ್ಯಾಕಪ್ ಟಾರ್ಚ್ ಎದೆಯ ಪಟ್ಟಿಯಲ್ಲಿ ಇದ್ದೇ ಇರುತ್ತವೆ.

3000 ಲುಮೆನ್‌ನ ಮಹಾರಾಯ ಈಗ ಕತ್ತಲಲ್ಲಿ ಬಟ್ಟೆ ಬದಲಿಸುವಾಗ ಉರಿಯುತ್ತಾನೆ. ಅದೂ ಕಡಿಮೆ ಬೆಳಕಲ್ಲೇ, ಯಾಕೆಂದರೆ ತಂಪು ಮಾಡಲು ನೀರಿಲ್ಲದಿದ್ದರೆ ಎರಡೇ ನಿಮಿಷಕ್ಕೆ ಕೈ ಸುಡುತ್ತಾನೆ.