ಕಾಂಟ್ರಾ ಆಡೋಕೆ ನಾಲ್ಕು ದಾರಿ, ತೀರ್ಪು ಅಕ್ಕನದು

ತೊಂಬತ್ತರ ದಶಕದ ಕೊನೆಗೆ ಗಂಗಾವತಿಯ ನಮ್ಮ ಮನೆಯಲ್ಲೊಂದು ವಿಡಿಯೋ ಗೇಮ್ ಇತ್ತು. ಅದು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಅನ್ನೋ ಜಪಾನಿ ಗೇಮ್ ಸೆಟ್ಟಿನ ನಕಲು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹಳದಿ ಕ್ಯಾಸೆಟ್ಟನ್ನು ಉಫ್ ಅಂತ ಊದಿ ಒತ್ತಿದರೆ ಆಟಗಳ ಪಟ್ಟಿ ಬರುತ್ತಿತ್ತು. ಮೇಲೆ 9999 ಆಟ ಅಂತ ಬರೆದಿದ್ದರೂ ಒಳಗಿದ್ದದ್ದು ಏಳೆಂಟು, ಉಳಿದದ್ದೆಲ್ಲ ಅವೇ ಆಟ ಬೇರೆ ಹೆಸರಿನಲ್ಲಿ. ನಾನೂ ಅಕ್ಕನೂ ಮುಟ್ಟುತ್ತಿದ್ದದ್ದು ಒಂದನ್ನೇ: ಇಬ್ಬರು ಸಿಪಾಯಿಗಳು ಗುಂಡು ಹಾರಿಸುತ್ತಾ ಓಡುವ ಕಾಂಟ್ರಾ. ನೀಲಿ ಪ್ಯಾಂಟಿನವನು ಅಕ್ಕ, ಕೆಂಪು ಪ್ಯಾಂಟಿನವನು ನಾನು. ಯಾರು ಮೊದಲ ರಿಮೋಟ್ ಹಿಡಿಯಬೇಕು ಅನ್ನೋ ಚರ್ಚೆ ನಮ್ಮ ಮನೆಯಲ್ಲಿ ಯಾವತ್ತೂ ನಡೆಯಲಿಲ್ಲ, ಅಕ್ಕ ದೊಡ್ಡವಳು.

ಕಳೆದ ಬೇಸಿಗೆಯಲ್ಲಿ ಅವಳು ಮಗನನ್ನು ಕರೆದುಕೊಂಡು ಕಾರಟಗಿಯಿಂದ ಬಂದಾಗ ಮನೆಯಲ್ಲಿ ಆ ಹಳೆ ಆಟ ಆಡುವ ನಾಲ್ಕು ಸಾಮಾನು ಕೂಡಿಬಿದ್ದಿದ್ದವು. ಒಂದು ನಾನೇ ಆನ್‌ಲೈನ್‌ನಲ್ಲಿ ತರಿಸಿ ಪಶ್ಚಾತ್ತಾಪಪಟ್ಟದ್ದು, ಒಂದು ಅಮೆರಿಕದಲ್ಲಿರುವ ಗೆಳೆಯ ತಂದುಕೊಟ್ಟದ್ದು, ಒಂದು ಅಳಿಯನ ಲ್ಯಾಪ್‌ಟಾಪ್, ಇನ್ನೊಂದು ಕಿಸೆಯಲ್ಲಿ ಹಿಡಿಯುವಂಥದ್ದು. ಹೋಲಿಸಿ ನೋಡಲು ಅಟ್ಟದ ಮೇಲಿನ ಹಳೆ ಡಬ್ಬಾ ಟಿವಿ ಮತ್ತು ಆ ನಕಲಿ ಸೆಟ್ಟನ್ನೂ ಇಳಿಸಿದೆವು. ದೂಳು ಒರೆಸುವುದರಲ್ಲೇ ಅರ್ಧ ದಿನ ಹೋಯಿತು, ಆದರೆ ಎರಡೂ ಹೊತ್ತಿಕೊಂಡವು.

ಮೊದಲಿಗೆ ಆನ್‌ಲೈನ್‌ನ ಸ್ಟಿಕ್. ಟಿವಿಯ ಹಿಂದೆ ಎಚ್‌ಡಿಎಂಐ ತೂತಿಗೆ ಚುಚ್ಚಿದರೆ ಮುಗಿಯಿತು, ಜೊತೆಗೆ ವೈರ್ ಇಲ್ಲದ ಎರಡು ಪ್ಯಾಡ್. "ಮಾಮಾ, ಹತ್ತು ಸಾವಿರ ಗೇಮ್ ಅದಾವಂತ ಇದ್ರಾಗ!" ಅಂತ ಅಳಿಯ ಕುಣಿದ. ಹಳದಿ ಕ್ಯಾಸೆಟ್ಟಿನ ವಿದ್ಯೆಯೇ ಇಲ್ಲೂ. ಒಂದೇ ಆಟ ಐದಾರು ಸಲ. ಚಿತ್ರವನ್ನು ಟಿವಿಯ ಅಗಲಕ್ಕೆ ಎಳೆದುಬಿಟ್ಟದ್ದರಿಂದ ಮಾರಿಯೋ ಮದುವೆಯಾಗಿ ಎರಡು ವರ್ಷವಾದ ಗಂಡಸಿನ ಹಾಗೆ ಊದಿಕೊಂಡಿದ್ದ. ಅದನ್ನೆಲ್ಲ ಸಹಿಸಬಹುದಿತ್ತು. ಕಾಂಟ್ರಾ ಶುರುವಾಗಿ ಎರಡು ನಿಮಿಷಕ್ಕೆ ಅಕ್ಕ ಪ್ಯಾಡ್ ಕೆಳಗಿಟ್ಟಳು.

"ಇದ್ರಾಗ ಏನೋ ತಡಾ ಆಗಾಕತ್ತೈತಿ ನೋಡಪಾ. ನಾ ಒತ್ತಿದ ಮ್ಯಾಲೆ ಅವ ವಿಚಾರ ಮಾಡಿ ಜಿಗಿತಾನ."

ಅವಳು ಈ ಆಟ ಆಡಿ ಇಪ್ಪತ್ತು ವರ್ಷದ ಮೇಲಾಗಿದೆ. ಆದರೂ ಹೆಬ್ಬೆರಳಿಗೆ ಲೆಕ್ಕ ನೆನಪಿತ್ತು. ಸುಳ್ಳೋ ನಿಜವೋ ನೋಡೋಣ ಅಂತ ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಚಿತ್ರದ ಲೆಕ್ಕದಲ್ಲಿ, ಅವಳ ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಹಿಡಿದೆ. ಹಳೆ ಡಬ್ಬಾ ಟಿವಿಯಲ್ಲಿ ಬಟನ್ ಒತ್ತಿದ ಮೇಲೆ ಒಂಬತ್ತು ಹತ್ತು ಚಿತ್ರಕ್ಕೆ ಸಿಪಾಯಿ ನೆಲ ಬಿಟ್ಟಿದ್ದ. ಸ್ಟಿಕ್‌ನಲ್ಲಿ ಸುಮಾರು ನಲವತ್ತು, ಅಂದರೆ ಸೆಕೆಂಡಿನ ಆರನೇ ಒಂದು ಪಾಲು. ಅಷ್ಟರೊಳಗೆ ಗುಂಡು ಬಂದು ಬಡಿದಿರುತ್ತದೆ.

ಈ ತಡ ಒಂದೇ ಕಡೆ ಹುಟ್ಟುವುದಿಲ್ಲ. ವೈರ್‌ಲೆಸ್ ಪ್ಯಾಡಿನಲ್ಲಿ ಸ್ವಲ್ಪ, ಹಳೆ ಸೆಟ್ಟಿನ ಹಾಗೆ ನಟಿಸುವ ಒಳಗಿನ ಸಾಫ್ಟ್‌ವೇರ್ ಎಮ್ಯುಲೇಟರ್‌ನಲ್ಲಿ ಸ್ವಲ್ಪ, ಬಂದ ಚಿತ್ರವನ್ನು ಚೆಂದ ಮಾಡಿ ತೋರಿಸುತ್ತೇನೆ ಅಂತ ಟಿವಿ ಹಿಡಿದಿಟ್ಟುಕೊಳ್ಳುವುದರಲ್ಲಿ ಬಹಳಷ್ಟು. ಡಬ್ಬಾ ಟಿವಿಗೆ ಆ ಚಟ ಇರಲಿಲ್ಲ. ಸಿಗ್ನಲ್ ಬಂದ ಹಾಗೆ ಗೆರೆ ಗೆರೆಯಾಗಿ ಬರೆದುಬಿಡುತ್ತಿತ್ತು. ಹೊಸ ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹುಡುಕಿ ಆನ್ ಮಾಡಿದ ಮೇಲೆ ಸ್ಟಿಕ್ ಕೊಂಚ ಸುಧಾರಿಸಿತು. ಅಕ್ಕ ಮಾತ್ರ ತಿರುಗಿ ಮುಟ್ಟಲಿಲ್ಲ.

ಬಾತುಕೋಳಿ ಹೊಡೆಯುವ ಡಕ್ ಹಂಟ್ ಕೂಡ ಸ್ಟಿಕ್‌ನಲ್ಲಿತ್ತು. ಅಟ್ಟದ ಮೇಲಿಂದ ಹಳೆ ಸೆಟ್ಟಿನ ಆಟಿಕೆ ಬಂದೂಕೂ ಸಿಕ್ಕಿದ್ದರಿಂದ ಅಳಿಯ ಹಟಕ್ಕೆ ಬಿದ್ದ. ಅದನ್ನು ಸ್ಟಿಕ್‌ಗೆ ಚುಚ್ಚಲು ಜಾಗವೇ ಇಲ್ಲ. ಹಳೆ ಸೆಟ್ಟನ್ನೇ ಹೊಸ ಟಿವಿಗೆ ಕಟ್ಟಿಕೊಟ್ಟರೂ ಒಂದು ಬಾತುಕೋಳಿ ಬೀಳಲಿಲ್ಲ. ಬಂದೂಕಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ಬೆಳಕು ನೋಡುವ ಕಣ್ಣು ಅಷ್ಟೇ. ಟ್ರಿಗರ್ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಆ ಕ್ಷಣದಲ್ಲೇ ಬೆಳಕು ಕಂಡರೆ ಗುರಿ ಬಿತ್ತು ಅಂತ. ಹೊಸ ಟಿವಿಯ ಚೌಕ ಬರುವ ಹೊತ್ತಿಗೆ ಬಂದೂಕು ನೋಡಿ ಮುಗಿಸಿರುತ್ತದೆ. ಡಬ್ಬಾ ಟಿವಿಯ ಮುಂದೆ ಕೂರಿಸಿದೆ, ಆಟದೊಳಗಿನ ನಾಯಿ ಬಿದ್ದ ಬಾತುಕೋಳಿ ಎತ್ತಿ ತೋರಿಸಿತು.

ಗೆಳೆಯ ತಂದದ್ದು ನಿಂಟೆಂಡೊ 2016ರಲ್ಲಿ ತಾನೇ ಬಿಟ್ಟ ಪುಟ್ಟ ಎನ್‌ಇಎಸ್ (ಫ್ಯಾಮಿಕಾಮ್‌ಗೆ ಅಮೆರಿಕದಲ್ಲಿದ್ದ ಹೆಸರು), ಅಂಗೈಯಲ್ಲಿ ಕೂರುತ್ತದೆ. ಆಗ ಅದರ ಬೆಲೆ 60 ಡಾಲರ್, ಒಳಗೆ 30 ಆಟ, ಹೊಸದು ಸೇರಿಸುವ ದಾರಿ ಕಂಪನಿ ಇಟ್ಟಿಲ್ಲ. ಹತ್ತು ಸಾವಿರದ ಮುಂದೆ ಮೂವತ್ತೇ ಅಂತ ಅಳಿಯ ಮುಖ ಸಣ್ಣದು ಮಾಡಿಕೊಂಡ. ಆದರೆ ಈ ಮೂವತ್ತರಲ್ಲಿ ಒಂದೂ ಕಸ ಇಲ್ಲ: ಮೂರೂ ಮಾರಿಯೋ, ಎಕ್ಸೈಟ್‌ಬೈಕ್, ಬಲೂನ್ ಫೈಟ್, ಪ್ಯಾಕ್‌ಮ್ಯಾನ್. ಪರದೆಯನ್ನು ಹಳೆ ಟಿವಿಯ ಗೆರೆಗಳೊಂದಿಗೆ ತೋರಿಸುವ ಆಯ್ಕೆಯೂ ಇದೆ. ಮಾರಿಯೋ ಜಿಗಿದ ರೀತಿ ನೋಡಿ ಅಕ್ಕ "ಹಾಂ, ಇದು ಅವನ" ಅಂದಳು. ಮಾರಿಯೋಗೆ ಇದೇ ಸಾಕು, ಬೇರೆ ಹುಡುಕಬೇಡಿ.

ಕಾಂಟ್ರಾ ಮಾತ್ರ ಇದರಲ್ಲಿಲ್ಲ. ಅದರ ಮುಂದಿನ ಭಾಗ ಸೂಪರ್ ಸಿ ಇದೆ. ಅಕ್ಕ ಹಳೆ ಭರವಸೆಯಲ್ಲಿ ಕಾಂಟ್ರಾದ ಗುಟ್ಟಿನ ಕೋಡು, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿ ಮೂವತ್ತು ಲೈಫ್ ಬರಲೆಂದು ಕಾದಳು. ಬಂದದ್ದು ಮೂರೇ. ಸೂಪರ್ ಸಿಯ ಕೋಡೇ ಬೇರೆ, ಬಲ ಎಡ ಕೆಳಗೆ ಮೇಲೆ ಎ ಬಿ, ಕೊಡುವುದೂ ಹತ್ತೇ ಲೈಫ್. "ಜುಗ್ಗ ಆಗ್ಯಾರ" ಅಂದಳು. ಪೆಟ್ಟಿಗೆಯಲ್ಲಿ ಬರುತ್ತಿದ್ದದ್ದು ಒಂದೇ ಪ್ಯಾಡ್, ಎರಡನೆಯದನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಅದರ ವೈರೂ ಎರಡೂವರೆ ಅಡಿಯಷ್ಟೇ. ಇಬ್ಬರೂ ಟಿವಿಯ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆವು. ಒಳಗಿನಿಂದ ಅವ್ವ ಬಂದವಳು, ನಲವತ್ತು ದಾಟಿದ ಮಗಳಿಗೆ, "ಹಿಂದ ಸರೀರಿ, ಕಣ್ಣು ಹೊಕ್ಕಾವ" ಅಂದಳು.

ಕಿಸೆಯ ಹ್ಯಾಂಡ್‌ಹೆಲ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 3.5 ಇಂಚಿನ ಪರದೆ, ಸ್ಪಷ್ಟ ಚಿತ್ರ, ತಡ ಕಡಿಮೆ. ಮಧ್ಯಾಹ್ನ ಕರೆಂಟ್ ಹೋದಾಗ ಫ್ಯಾನ್ ನಿಂತ ಮನೆಯಲ್ಲೂ ಅದು ನಡೆಯುತ್ತಿತ್ತು. ಇಬ್ಬರು ಆಡಬೇಕಾದರೆ ಟಿವಿಗೆ ಕಟ್ಟಿ ಇನ್ನೊಂದು ಪ್ಯಾಡ್ ಹುಡುಕಬೇಕು, ಆಗ ಕಿಸೆಯದ್ದು ಅನ್ನುವ ಸುಖವೇ ಹೋಯಿತು. ಮೆಮೊರಿ ಕಾರ್ಡಿನಲ್ಲಿ ತುಂಬಿ ಬರುವ ಆಟಗಳಿಗೆ ಮಾಲೀಕರ ಒಪ್ಪಿಗೆಯೂ ಇಲ್ಲ. ಸ್ಟಿಕ್‌ನ ಕಥೆಯೂ ಅದೇ.

ಕೊನೆಗೆ ಅಳಿಯನ ಲ್ಯಾಪ್‌ಟಾಪ್. ಕೊನಾಮಿ ಕಂಪನಿ 2019ರಲ್ಲಿ ಹಳೆ ಕಾಂಟ್ರಾಗಳಲ್ಲಿ ಹಲವನ್ನು ಕಟ್ಟಾಗಿ ಕಟ್ಟಿ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಅಂತ ಬಿಟ್ಟಿತು. ಪಿಎಸ್4, ಸ್ವಿಚ್, ಎಕ್ಸ್‌ಬಾಕ್ಸ್ ಒನ್ ಅನ್ನೋ ಗೇಮ್ ಸೆಟ್ಟುಗಳಿಗೂ ಪಿಸಿಗೂ ಇದೆ. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಸೇಲ್ ಬಂದಾಗ ತೆಗೆದುಕೊಂಡಿದ್ದೆ. ಎರಡು ಯುಎಸ್‌ಬಿ ಪ್ಯಾಡ್ ಬೇರೆ ಕೊಳ್ಳಬೇಕಾಯಿತು. ಶುರು ಮಾಡುವಾಗ ಒಂದರ ಮೇಲೊಂದು ಮೆನು, ಕ್ಯಾಸೆಟ್ ಊದಿ ಕೂತವರಿಗೆ ತಾಳ್ಮೆ ಬೇಕು. ಒಳಗೆ ಹೋದರೆ ಮಾತ್ರ ಹಬ್ಬ: ನಾಣ್ಯ ಹಾಕಿ ಆಡುವ ಯಂತ್ರಕ್ಕೆ ಮಾಡಿದ 1987ರ ಆರ್ಕೇಡ್ ಕಾಂಟ್ರಾ ಇದೆ, ಅಮೆರಿಕದ ಎನ್‌ಇಎಸ್ ಕಾಂಟ್ರಾ ಇದೆ, ಜಪಾನಿನ ಫ್ಯಾಮಿಕಾಮ್ ಕಾಂಟ್ರಾನೂ ಇದೆ.

ಜಪಾನಿನದ್ದು ಹಾಕಿದೆ. ಮೊದಲ ಕಾಡಿನಲ್ಲಿ ಅಕ್ಕ ನಿಂತುಬಿಟ್ಟಳು. "ಏ ತಮ್ಮಾ, ಗಿಡ ಅಲ್ಲಾಡಾಕತ್ತಾವಲ್ಲೋ!" ನಿಜ. ಜಪಾನಿನ ಕ್ಯಾಸೆಟ್ಟಿನಲ್ಲಿ ಕೊನಾಮಿಯ ಸ್ವಂತ ಚಿಪ್ ಇತ್ತು, ಆದ್ದರಿಂದ ಗಾಳಿಗೆ ಎಲೆ ಅಲ್ಲಾಡುತ್ತದೆ, ಹಿಮದ ಹಂತದಲ್ಲಿ ಹಿಮ ಬೀಳುತ್ತದೆ. ನಮ್ಮ ಹಳದಿ ಕ್ಯಾಸೆಟ್ಟಿನಲ್ಲಿ ಒಂದೆಲೆಯೂ ಮಿಸುಕಿದ್ದಿಲ್ಲ. ಅವಳು ಎಲೆ ನೋಡುತ್ತಾ ನಿಂತದ್ದರಿಂದ ಒಂದು ಲೈಫ್ ಹೋಯಿತು, ಬೈಗುಳ ನನಗೆ ಬಿತ್ತು.

ಆಮೇಲೆ ನಮಗೆ ಗೊತ್ತಿರುವ ಎನ್‌ಇಎಸ್ ಕಾಂಟ್ರಾ, ನಮಗೆ ಗೊತ್ತಿರುವ ಕೋಡು, ಮೂವತ್ತು ಲೈಫ್. ಲ್ಯಾಪ್‌ಟಾಪ್ ಪರದೆಯಲ್ಲಿ ಜಿಗಿತಕ್ಕೆ ಇಪ್ಪತ್ತು ಚಿತ್ರದ ಆಸುಪಾಸು, ಡಬ್ಬಾ ಟಿವಿಯಷ್ಟು ಚುರುಕಲ್ಲ, ಆದರೆ ಅಕ್ಕನ ಹೆಬ್ಬೆರಳು ತಕರಾರು ತೆಗೆಯಲಿಲ್ಲ. ಗುಂಡು ಹರಡಿ ಹಾರಿಸುವ ಎಸ್ ಗನ್ ಬಂದಾಗಲೆಲ್ಲ ನನ್ನನ್ನು ದಾಟಿ ಹೋಗಿ ತಾನೇ ಎತ್ತಿಕೊಂಡಳು. ಕರೆಂಟ್ ಹೋಯಿತು, ಬ್ಯಾಟರಿ ಮೇಲೆ ಆಟ ನಡೆದೇ ಇತ್ತು. ಪುಟ್ಟ ಎನ್‌ಇಎಸ್‌ನಲ್ಲಾಗಿದ್ದರೆ ರಿಸೆಟ್ ಒತ್ತಿ ಉಳಿಸಿಕೊಳ್ಳುವ ಮೊದಲೇ ಎಲ್ಲ ಹೋಗಿರುತ್ತಿತ್ತು.

ಮೂರನೇ ಹಂತ ಜಲಪಾತ. ಇಬ್ಬರು ಆಡುವಾಗ ಮೇಲೆ ಹತ್ತಿದವರ ಜೊತೆ ಪರದೆಯೂ ಏರುತ್ತದೆ, ಕೆಳಗೆ ಉಳಿದವರು ಪರದೆಯ ಅಂಚಿಗೆ ಬಿದ್ದು ಸಾಯುತ್ತಾರೆ. ಚಿಕ್ಕವನಿದ್ದಾಗ ಇಲ್ಲಿ ನಾನು ಎಷ್ಟು ಸಲ ಅತ್ತಿದ್ದೇನೋ. ಒಂದು ಬಂಡೆ ತಪ್ಪಿ ಕೆಳಗೆ ನಿಂತಿದ್ದೆ, "ಅಕ್ಕಾ, ತಡಿ" ಅಂದೆ.

"ಲಗೂನ ಹತ್ತೋ" ಅಂದವಳೇ ಮೂರು ಬಂಡೆ ಒಂದೇ ಉಸಿರಿಗೆ ಜಿಗಿದಳು.