ಅಕಾಯ ಕನಡಕ ಫಾಂಟ್: ನಾಲ್ಕು ಪದಕ್ಕೆ ಸೈ, ನಾಲ್ಕು ಸಾಲಿಗೆ ಬೇಡ

ಹೋಟೆಲ್ ಬೋರ್ಡ್, ಮೆನು ಕಾರ್ಡ್, ದುಗ್ಗಮ್ಮನ ಜಾತ್ರೆ ಬಂತು ಅಂದ್ರೆ ಫ್ಲೆಕ್ಸ್. ದಾವಣಗೆರೆಯಲ್ಲಿ ನನ್ನ ಡಿಸೈನ್ ಕೆಲಸ ಬಹುತೇಕ ಇಷ್ಟೇ. "ಪೇಂಟರ್ ಬರೆದಂಗೆ ಕಾಣ್ಬೇಕು ಸರ್, ಆದ್ರೆ ಸಂಜೆಗೇ ಬೇಕು" ಅನ್ನುವ ಗಿರಾಕಿಗಳು ಜಾಸ್ತಿ. ಅಂಥವರಿಗೆ ಕೆಲ ವರ್ಷಗಳಿಂದ ಅಕಾಯ ಕನಡಕ ಫಾಂಟನ್ನೇ ಹಾಕಿಕೊಡುತ್ತಿದ್ದೇನೆ.

ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ಫಾಂಟ್ ಇದು. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ದುಡ್ಡಿನ ಕೆಲಸಕ್ಕೂ ಬಳಸಬಹುದು. ಫಾಂಟನ್ನಷ್ಟೇ ಮಾರುವಂತಿಲ್ಲ. ಇಂಗ್ಲಿಷ್ ಅಕ್ಷರಗಳೂ ಇದರಲ್ಲೇ ಇವೆ, ಕನ್ನಡದ ಪಕ್ಕ ಕೂತರೆ ಬೇರೆಯವರು ಬರೆದಂತೆ ಕಾಣುವುದಿಲ್ಲ. ಬೋರ್ಡ್ ಮಾಡುವವರಿಗೆ ಇದು ಎಷ್ಟು ಅನುಕೂಲ ಅಂತ ಬೋರ್ಡ್ ಮಾಡುವವರಿಗೇ ಗೊತ್ತು.

ಹೋಟೆಲ್ ಹೆಸರಿಗೆ, ಟೀ ಅಂಗಡಿ ಬೋರ್ಡಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಮೆನುವಿಗೆ ಬಂದಾಗಲೇ ತಕರಾರು. ಖಾಲಿ ದೋಸೆ, ಓಪನ್ ದೋಸೆ, ಬೆಣ್ಣೆ ದೋಸೆ ಅಂತ ಒಂದರ ಕೆಳಗೊಂದು ಹಾಕಿ ನೋಡಿ. ಮೂರೂ ಕಡೆ 'ದೋಸೆ' ಒಂಚೂರೂ ವ್ಯತ್ಯಾಸವಿಲ್ಲದೆ ಅಚ್ಚು ಹೊಡೆದಂತೆ ಬರುತ್ತದೆ. ಪೇಂಟರ್ ಬರೆದಿದ್ದರೆ ಒಂದರ ಏತ್ವ ಸ್ವಲ್ಪ ಮೇಲೆ ಹೋಗಿರುತ್ತಿತ್ತು, ಇನ್ನೊಂದರ ಬಾಲ ಉದ್ದ ಆಗಿರುತ್ತಿತ್ತು, ಅಲ್ವಾ? ನಾನು ಅಕ್ಷರಗಳನ್ನು ಕರ್ವ್ ಮಾಡಿ (ಅಂದ್ರೆ ಟೈಪ್ ಮಾಡಿದ್ದನ್ನು ಚಿತ್ರದ ಗೆರೆಯಾಗಿಸಿ) ಒಂದೆರಡು ಕಡೆ ನೋಡ್, ಅಂದ್ರೆ ಗೆರೆಯ ಮೇಲಿನ ಬಿಂದು, ಎಳೆದುಬಿಡುತ್ತೇನೆ. ಅದಕ್ಕೆ ಲೈಸೆನ್ಸ್ ಅಡ್ಡಿಯಿಲ್ಲ. ಉದ್ದ ಪಟ್ಟಿ ಇದ್ದರೆ ಅಷ್ಟು ತಾಳ್ಮೆ ಯಾರಿಗಿದೆ! ಆಗ ಶೀರ್ಷಿಕೆಗೆ ಮಾತ್ರ ಅಕಾಯ, ಪಟ್ಟಿಗೆ ಬಲೂ ತಮ್ಮ 2 ಅನ್ನುವ ಇನ್ನೊಂದು ಕನ್ನಡ ಫಾಂಟ್.

ಇನ್ನೊಂದು ಕೊರತೆ, ಇದಕ್ಕಿರುವುದು ಒಂದೇ ದಪ್ಪ. ಬಲೂ ತಮ್ಮ 2ರಲ್ಲಿ ಐದು ದಪ್ಪ ಸಿಗುತ್ತವೆ. ಅಕಾಯದಲ್ಲಿ ಬೋಲ್ಡ್ ಒತ್ತಿದರೆ ಸಾಫ್ಟ್‌ವೇರ್ ತಾನೇ ಗೆರೆ ಉಬ್ಬಿಸುತ್ತದೆ, ಒತ್ತಕ್ಷರದ ಒಳಗಿನ ಸಂದು ಮುಚ್ಚಿಹೋಗುತ್ತದೆ. ಎದ್ದು ಕಾಣಬೇಕು ಅಂದ್ರೆ ಸೈಜ್ ದೊಡ್ಡದು ಮಾಡಿ, ಬೋಲ್ಡ್ ಮುಟ್ಟಬೇಡಿ.

ಪ್ರಿಂಟಿಂಗ್ ಅಂಗಡಿಯವರ ಹತ್ತಿರ ಹೋಗುವ ಮುಂಚೆ ಒಂದು ಮಾತು. ಇದು ಯೂನಿಕೋಡ್ ಫಾಂಟ್. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೇ ಆಸ್ಕಿ ಅಕ್ಷರದಲ್ಲಿ (ಯೂನಿಕೋಡ್‌ಗಿಂತ ಬೇರೆ ಸಂಕೇತ ಪದ್ಧತಿ) ಟೈಪ್ ಮಾಡಿದ ಮ್ಯಾಟರ್‌ಗೆ ಇದನ್ನು ಹಾಕಿದರೆ ಏನೇನೋ ಚಿಹ್ನೆ ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಡಿಸೈನ್ ಸಾಫ್ಟ್‌ವೇರ್ ಕೋರೆಲ್‌ಡ್ರಾದ ಹಳೇ ಆವೃತ್ತಿಯಲ್ಲಿ ತೆರೆದರಂತೂ ಒತ್ತಕ್ಷರ ಕೆಳಗೆ ಇಳಿಯುವುದೇ ಇಲ್ಲ, 'ಬೆಣ್ಣೆ' ಹೋಗಿ 'ಬೆಣ್‌ಣೆ' ಆಗಿ ಕೂರುತ್ತದೆ. ಇಂಕ್‌ಸ್ಕೇಪ್ ಅನ್ನುವ ಇನ್ನೊಂದು ಸಾಫ್ಟ್‌ವೇರಿನಲ್ಲಿ ಈ ಗೋಳಿಲ್ಲ. ನಾನು ಅಲ್ಲೇ ಅಕ್ಷರಗಳನ್ನು ಪಾತ್ ಮಾಡಿ (ಕರ್ವ್ ಅಂದ್ರೂ ಇದೇ) ಪಿಡಿಎಫ್ ಕಳಿಸುತ್ತೇನೆ. ಅಂಗಡಿಯವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಫ್ಲೆಕ್ಸ್ ಸರಿಯಾಗಿಯೇ ಬರುತ್ತದೆ.

ಮದುವೆ ಕಾರ್ಡಿಗೆ ಕೇಳಿದರೆ ಮಾತ್ರ ನಾನು ಕೊಡುವುದಿಲ್ಲ. ನಾಮಕರಣಕ್ಕಾದರೆ ಸುಮ್ನೆ ಹಾಕಿ, ಮುದ್ದಾಗಿ ಕಾಣುತ್ತದೆ.